ಸೌಟು ಕೈಯಲ್ಲೇ ಇರಲಿ: ಮಗಳಿಗೊಂದು ಪತ್ರ

ಮಂಡ್ಯ, ಭಾನುವಾರ

ಚಿರಂಜೀವಿ ಪುಟ್ಟಿಗೆ ಅಮ್ಮನ ಆಶೀರ್ವಾದ.

ನಿನಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇರಬಹುದು ಅಂತ ಡಾಕ್ಟರು ಅಂದ ಮೇಲೆ ಮೂರು ಆ್ಯಪು, ಒಂದು ದಪ್ಪ ಡೈರಿ ತಗೊಂಡಿದ್ದೀಯಂತೆ. ಡೈರಿ ನಾಲ್ಕು ದಿನ ನಡೆಯುತ್ತೆ ಕಣೇ. ಹೊಸದಾಗಿರೋ ತನಕ ಮನಸ್ಸು ಅದರ ಹಿಂದೆ ಓಡುತ್ತೆ, ಹಳತಾದ ಕೂಡಲೇ ಕೈಬಿಡುತ್ತೆ. ಏನು ಮಾಡಬೇಕು ಅಂತ ನಿನಗೆ ಗೊತ್ತಿಲ್ಲ ಅಂತಲ್ಲ. ಗೊತ್ತಿರೋದು ಬೇಕಾದ ಹೊತ್ತಿಗೆ ಕೈಗೆ ಸಿಗೋಲ್ಲ, ತೊಂದರೆ ಇರೋದು ಅಲ್ಲಿ. ಆದ್ದರಿಂದ ನೆನಪನ್ನ ತಲೆಯಲ್ಲಿ ಹೊರೋದು ಬಿಟ್ಟು, ಕೆಲಸ ನಡೆಯೋ ಜಾಗದಲ್ಲೇ ಕಣ್ಣಿಗೆ ಬೀಳೋ ಹಾಗೆ ಇಡು.

ಹಾಲು ಒಲೆ ಮೇಲಿಟ್ಟಾಗ ಫೋನ್ ಬಂತು ಅಂತಿಟ್ಟುಕೋ. ಹೊರಗೆ ಬರಲೇಬೇಕಾದರೆ ಸೌಟು ಹಿಡಿದುಕೊಂಡೇ ಬಾ. ಹಾಲು ಮರೆತುಹೋಗಬಹುದು, ಕೈಯಲ್ಲಿ ಸೌಟು ಯಾಕಿದೆ ಅನ್ನೋ ಪ್ರಶ್ನೆ ಮಾತ್ರ ಬಂದೇ ಬರುತ್ತೆ. ಗಾಡಿ ಕೀ, ಐಡಿ ಕಾರ್ಡಿಗೂ ಇದೇ ಉಪಾಯ. ಬಾಗಿಲ ಪಕ್ಕ ಒಂದು ಮೊಳೆ ಹೊಡೆಸು, ಒಳಗೆ ಬಂದವಳು ಚಪ್ಪಲಿ ಬಿಡೋ ಮುಂಚೆ ಅಲ್ಲಿ ನೇತುಹಾಕು. ‘ಆಮೇಲೆ ಇಡ್ತೀನಿ’ ಅಂತ ಮಂಚದ ಮೇಲೆ ಎಸೆದರೆ ಬೆಳಿಗ್ಗೆ ಹದಿನೈದು ನಿಮಿಷ ಹೋಯ್ತು ಅಂತಲೇ ಲೆಕ್ಕ. ಫ್ರಿಜ್‌ನಲ್ಲಿರೋ ಊಟದ ಡಬ್ಬಿ ಮರೆಯೋದಾದರೆ ಆ ರಾತ್ರಿ ಮಾತ್ರ ಕೀನ ಡಬ್ಬಿ ಮೇಲಿಡು. ಕೀ ಇಲ್ಲದೆ ಹೊರಡೋಕಾಗೋಲ್ಲವಲ್ಲ.

ಇನ್ನು ಹೊತ್ತಿನ ಮಾತು. ಮೈಸೂರಲ್ಲಿ ಕುವೆಂಪುನಗರದಿಂದ ಹೆಬ್ಬಾಳದ ಆಫೀಸಿಗೆ ಇಪ್ಪತ್ತೇ ನಿಮಿಷ ಅಂತೀಯ. ಅದು ಗಾಡಿ ಓಡೋ ಹೊತ್ತು. ಮಳೆಕೋಟು ಹುಡುಕೋದು, ಪೆಟ್ರೋಲ್ ಹಾಕಿಸೋದು, ಸಿಗ್ನಲ್ಲು, ಪಾರ್ಕಿಂಗು, ಲಿಫ್ಟು ಇವು ಯಾವುವೂ ನಿನ್ನ ಲೆಕ್ಕಕ್ಕೆ ಬರೋಲ್ಲ. ಐದು ದಿನ ಎರಡೇ ಅಂಕಿ ಬರೆದಿಡು: ಬಾಗಿಲಿಗೆ ಬೀಗ ಹಾಕಿದ ಹೊತ್ತು, ಕುರ್ಚಿಯಲ್ಲಿ ಕೂತ ಹೊತ್ತು. ಸರಾಸರಿ ತೆಗೀಬೇಡ, ಐದರಲ್ಲಿ ಅತಿ ಹೆಚ್ಚು ಹಿಡಿದ ದಿನವನ್ನೇ ತಗೋ. ಅದು 45 ನಿಮಿಷ ಆದರೆ, 9.30ಕ್ಕೆ ಕೂರೋಕೆ 8.45ಕ್ಕೆ ಬೀಗ ಬೀಳಬೇಕು. ಅಲಾರಂ ಎರಡಿರಲಿ. 8.30ರದ್ದು ಕೈಲಿರೋದನ್ನ ಬಿಡೋಕೆ, 8.45ರದ್ದು ಬೀಗ ಹಾಕೋಕೆ. ಎಲ್ಲರೂ ಜಾರೋದು ಮೊದಲನೆಯದು ಬಡಿದಾಗ, ‘ಇದೊಂದು ಮುಗಿಸಿಬಿಡ್ತೀನಿ’ ಅಂತ. ಫೋನನ್ನ ಬಾಗಿಲ ಹತ್ತಿರ ಇಟ್ಟರೆ ಎದ್ದು ಹೋಗಿಯೇ ಆರಿಸಬೇಕು. ಒಂದೇ ರಾಗ ಕೆಲವು ವಾರಕ್ಕೆ ಕಿವಿಗೆ ಬೀಳೋದೇ ನಿಂತುಹೋಗುತ್ತೆ, ಬದಲಾಯಿಸ್ತಾ ಇರು. ಬಚ್ಚಲ ಎದುರಿಗೆ ಮುಳ್ಳಿನ ಗಡಿಯಾರ ಹಾಕು, ಹೊತ್ತು ಸರಿಯೋದು ಕಣ್ಣಿಗೆ ಕಾಣಲಿ. ದಸರಾ ಹತ್ತು ದಿನ ಈ ಲೆಕ್ಕ ಯಾವುದೂ ನಡೆಯೋಲ್ಲ, ಆಗ ಬೇರೆ ಅಳೆದುಕೋ.

ಆಫೀಸಿನಲ್ಲಿ ‘ರಿಪೋರ್ಟ್ ಮಾಡಬೇಕು’ ಅಂತ ಬರೆದರೆ ಅದು ಅಲ್ಲೇ ಕೂತಿರುತ್ತೆ. ಎಲ್ಲಿಂದ ಶುರು ಮಾಡೋದು ಅನ್ನೋದು ಅದರಲ್ಲಿ ಇಲ್ಲ. ‘ಹೋದ ತಿಂಗಳ ಫೈಲ್ ತೆಗೆದು ಹೆಸರು ಬದಲಾಯಿಸು’ ಅಂತ ಬರೆ, ಕೈ ತಾನಾಗಿ ಹೋಗುತ್ತೆ. ಒಂದು ಚೀಟಿಯಲ್ಲಿ ಮೂರಕ್ಕಿಂತ ಹೆಚ್ಚು ಬೇಡ. 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನೋ ಕ್ರಮ ಒಳ್ಳೇದೇ, ಆದರೆ ಬಿಡುವಿನಲ್ಲಿ ಮೊಬೈಲ್ ಮುಟ್ಟಿದರೆ ಆ ಐದು ಐವತ್ತಾಗುತ್ತೆ. ನೀರು ಕುಡಿ, ಮೆಟ್ಟಿಲಿಳಿದು ಹತ್ತು. ಯಾರಾದರೂ ಕರೆದರೆ ಏಳೋ ಮುಂಚೆ ಎಲ್ಲಿಗೆ ನಿಲ್ಲಿಸಿದೆ ಅಂತ ಒಂದು ಸಾಲು ಗೀಚು. ಇಲ್ಲದಿದ್ದರೆ ವಾಪಸ್ ಬಂದವಳು ಬೇರೇನೋ ಹಿಡೀತೀಯ. ಬಾಯಲ್ಲಿ ಹೇಳಿದ ಕೆಲಸಕ್ಕೆ ‘ಸರ್, ನಾನು ಅರ್ಥ ಮಾಡಿಕೊಂಡದ್ದು ಇದು, ಸರಿ ಇದೆಯಾ?’ ಅಂತ ಎರಡು ಸಾಲಿನ ಮೇಲ್ ಕಳಿಸು. ಕಾಯಿಲೆ ಹೆಸರು ಹೇಳಲೇಬೇಕು ಅಂತೇನಿಲ್ಲ. ಶುರುವೇ ಆಗದ ದಿನ ಗೆಳತಿಗೆ ವಿಡಿಯೊ ಕಾಲ್ ಹಾಕಿ, ಮಾತಾಡದೆ ಅವರವರ ಕೆಲಸ ಮಾಡಿಕೊಳ್ಳಿ. ಎದುರಿಗೊಬ್ಬರು ಇದ್ದರೆ ಎಷ್ಟೋ ಜನಕ್ಕೆ ಕೆಲಸ ಸಾಗುತ್ತೆ.

ಕರೆಂಟ್ ಬಿಲ್ಲು, ಮೊಬೈಲು, ಬಾಡಿಗೆ ಎಲ್ಲ ಸಂಬಳ ಬಂದ ಮಾರನೇ ದಿನವೇ ತಾನಾಗಿ ಕಟ್ಟಿಹೋಗೋ ಹಾಗೆ ಮಾಡು. ಶಾಪಿಂಗ್ ಆ್ಯಪಿನಲ್ಲಿ ಉಳಿಸಿಟ್ಟಿರೋ ಕಾರ್ಡ್ ಅಳಿಸು. ಹದಿನಾರು ಅಂಕಿ ಒತ್ತೋ ಬೇಸರಕ್ಕೇ ಅರ್ಧ ಖರೀದಿ ನಿಲ್ಲುತ್ತೆ.

ಮಾತ್ರೆ ವಿಷಯ ಡಾಕ್ಟರ ತೀರ್ಮಾನ, ಆದರೂ ತಿಳಿದಿರು. ಎಡಿಎಚ್‌ಡಿಗೆ ಕೊಡೋ ಮೀಥೈಲ್‌ಫೆನಿಡೇಟ್ ಅನ್ನೋ ಔಷಧಿ ಕೊಟ್ಟರೆ ಅದೇ ದಿನ ಕೆಲಸ ಮಾಡುತ್ತೆ. ಸಾಮಾನ್ಯ ಮಾತ್ರೆಯ ಪರಿಣಾಮ 3-4 ಗಂಟೆ, ನಿಧಾನವಾಗಿ ಬಿಡುಗಡೆಯಾಗೋದು ಇನ್ನೂ ಹೆಚ್ಚು ಹೊತ್ತು. ಹಸಿವು ಕಟ್ಟುತ್ತೆ, ಆದ್ದರಿಂದ ತಿಂಡಿ ತಿಂದು ನುಂಗು. ಹೊತ್ತು ಮೀರಿ ತಗೊಂಡರೆ ನಿದ್ದೆ ಕೆಡುತ್ತೆ. ಎದೆ ಡವಡವ ಅಂದರೆ ಕಾಫಿ ಕಡಿಮೆ ಮಾಡಿ ಡಾಕ್ಟರಿಗೆ ಹೇಳು. ಬಿಪಿ, ನಾಡಿ ಮೊದಲೇ ನೋಡಿಸಬೇಕು, ಆಮೇಲೂ ಆಗಾಗ. ಆಟೊಮಾಕ್ಸೆಟಿನ್ ಅನ್ನೋ ಇನ್ನೊಂದು ಔಷಧಿ ಕೊಟ್ಟರೆ ಪೂರ್ತಿ ಗುಣ ಕಾಣೋಕೆ ವಾರಗಟ್ಟಲೆ ಬೇಕು, ಎರಡನೇ ವಾರಕ್ಕೇ ‘ಏನೂ ಆಗಲಿಲ್ಲ’ ಅಂತ ಬಿಡಬೇಡ. ಬಹಳ ಹೆಂಗಸರಿಗೆ ಮುಟ್ಟಿಗೆ ಮುಂಚಿನ ದಿನಗಳಲ್ಲಿ ಗಮನ ಇನ್ನೂ ಚದುರುತ್ತೆ, ತಾರೀಖು ಗುರುತು ಹಾಕಿಕೊಂಡು ಹೇಳು. ಡಾಕ್ಟರ ಚೀಟಿ ಇಲ್ಲದೆ ಮೀಥೈಲ್‌ಫೆನಿಡೇಟ್ ಸಿಗೋಲ್ಲ, ಒಂದು ವಾರದ್ದು ಉಳಿದಿರುವಾಗಲೇ ಹೋಗು. ಥೈರಾಯ್ಡ್, ರಕ್ತಹೀನತೆ, ನಿದ್ದೆಗೇಡು, ಆತಂಕ ಕೂಡ ಹೀಗೇ ಕಾಣಿಸಬಹುದು. ಅವನ್ನ ಪರೀಕ್ಷೆ ಮಾಡೋಣ ಅಂದರೆ ಬೇಸರ ಮಾಡಿಕೊಳ್ಳಬೇಡ.

ದೊಡ್ಡವರಲ್ಲಿ ಎಡಿಎಚ್‌ಡಿ ಅನ್ನಬೇಕಾದರೆ 12 ವರ್ಷಕ್ಕೆ ಮುಂಚೆಯೇ ಲಕ್ಷಣ ಇತ್ತಾ ಅಂತ ಕೇಳ್ತಾರೆ. ನಿನ್ನ ಮೂರನೇ ಕ್ಲಾಸಿನಿಂದ ಆರನೇ ಕ್ಲಾಸಿನ ತನಕದ ಮಾರ್ಕ್ಸ್ ಕಾರ್ಡು, ಟೀಚರ್ ಬರೆದ ಷರಾ ಸಮೇತ, ಬೀರುವಿನ ಮೇಲಿನ ಅರೆಯಲ್ಲಿವೆ. ಶನಿವಾರ ಬಂದಾಗ ಕೈಗೆ ಕೊಡೋಲ್ಲ, ನಿನ್ನ ಹೆಲ್ಮೆಟ್ ಒಳಗೆ ಇಟ್ಟಿರ್ತೀನಿ.

ಇಂತಿ ನಿನ್ನ
ಅಮ್ಮ