ಬದುಕಿ ಉಳಿದದ್ದೇ ತಪ್ಪಾ?

ಮಾನ್ಯರೇ,

ಚಿಕಿತ್ಸೆಯ ಬಿಲ್ಲಿನ ಹಣಕ್ಕಾಗಿ ಕಚೇರಿ ಮೆಟ್ಟಿಲ ಮೇಲೆ ಕೂತ ರೋಗಿಗಳ ಬಗ್ಗೆ ಸೋಮವಾರ ನಿಮ್ಮ ಪತ್ರಿಕೆಯಲ್ಲಿ ಬರೆದದ್ದು ಅಕ್ಷರಶಃ ನಿಜ. ಮಂಗಳವಾರ ಅದೇ ಮೆಟ್ಟಿಲ ಮೇಲೆ ನಾವಿದ್ದೆವು.

ನಮ್ಮ ಯಜಮಾನರಿಗೆ 2015ರಲ್ಲಿ ಸಣ್ಣ ಕರುಳಿನಲ್ಲಿ ನ್ಯೂರೋಎಂಡೋಕ್ರೈನ್ ಗೆಡ್ಡೆ (ಹಾರ್ಮೋನು ಸ್ರವಿಸುವ ಜೀವಕೋಶಗಳಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್) ಪತ್ತೆಯಾಯಿತು. ಅಷ್ಟರಲ್ಲಿ ಲಿವರ್‌ಗೂ ಹರಡಿತ್ತು. ನಟ ಇರ್ಫಾನ್ ಖಾನ್ ತಮಗಿದೆ ಎಂದು 2018ರಲ್ಲಿ ಹೇಳಿಕೊಂಡರಲ್ಲ, ಅದೇ ಜಾತಿಯ ಕಾಯಿಲೆ. ಕೆಲವರಲ್ಲಿ ಬೇಗ ಬೆಳೆಯುತ್ತದೆ, ಕೆಲವರಲ್ಲಿ ತುಂಬಾ ನಿಧಾನ. ಇವರದು ನಿಧಾನದ್ದು. 28 ದಿನಕ್ಕೊಮ್ಮೆ ಆಕ್ಟ್ರಿಯೋಟೈಡ್ ಇಂಜೆಕ್ಷನ್ ಕೊಡಿಸಿದರೆ ಹತೋಟಿಯಲ್ಲಿರುತ್ತದೆ. ತಡವಾದರೆ ಮುಖವೆಲ್ಲ ಕೆಂಪಾಗಿ ಭೇದಿ ಶುರು.

ಕಡತ ತಿರುವಿದ ಗುಮಾಸ್ತರು ಏನಂದರು ಗೊತ್ತೇ? "ನಾಲ್ಕನೇ ಸ್ಟೇಜ್ ಅಂತೀರಿ, ಹತ್ತು ವರ್ಷ ಆಯ್ತು ಅಂತೀರಿ. ಅಷ್ಟು ದಿನ ಯಾರು ಇರ್ತಾರಮ್ಮಾ? ಹೊಸದಾಗಿ ಬಯಾಪ್ಸಿ ಮಾಡಿಸಿ ತನ್ನಿ." ಇವರು ಎದುರಲ್ಲೇ ನಿಂತಿದ್ದರು! ಆ ಇಂಜೆಕ್ಷನ್‌ ಇರುವುದರಿಂದಲೇ ತಾನೇ ಇವರು ಇಲ್ಲಿ ನಿಂತಿರುವುದು? ಸತ್ತರೆ ಮಾತ್ರ ಕಾಯಿಲೆ ನಿಜವಾಗುತ್ತದೆಯೇ?

ಬಿಲ್ಲು ತಡೆದಿದ್ದರಿಂದ ಈ ಸಲ ಇಂಜೆಕ್ಷನ್ ಆರು ದಿನ ತಡವಾಗಿದೆ. ಸಾಲಿನಲ್ಲೇ ಇವರ ಕುತ್ತಿಗೆ, ಕೆನ್ನೆ ಕೆಂಪೇರಿತು. ಶೌಚಾಲಯಕ್ಕೆ ಓಡಿದರೆ ಬೀಗ. ಕೀಲಿ ಅಟೆಂಡರ್ ಹತ್ತಿರ, ಅಟೆಂಡರ್ ಟೀ ಕುಡಿಯಲು. ಲಿಫ್ಟ್ ಕೆಟ್ಟು ಎರಡು ವರ್ಷವಾಯಿತು. ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ಮೂರು ಮಹಡಿ ಇಳಿದು, ಎದುರಿನ ಹೋಟೆಲಿನವರನ್ನು ಬೇಡಿಕೊಂಡರು. 64 ವರ್ಷದ ಮನುಷ್ಯ. ಆ ಹೋಟೆಲಿನವರಿಗಿರುವ ಮನುಷ್ಯತ್ವ ಈ ಕಚೇರಿಯವರಿಗೆ ಇಲ್ವಾ ಸ್ವಾಮಿ?

ಇದೇನು ಇವತ್ತಿನದಲ್ಲ. ಪೆನ್ಷನ್ ಕಾಗದದಲ್ಲಿ ಇವರ ಹೆಸರಿನ ಒಂದು ಅಕ್ಷರ ತಪ್ಪಾಗಿದ್ದಕ್ಕೆ ಎಂಟು ತಿಂಗಳು ಅಲೆಸಿದ್ದರು. ತಪ್ಪು ಮಾಡಿದ್ದು ಅವರೇ. ಅದಕ್ಕೂ ಮೊದಲು ನಮ್ಮ ಅತ್ತೆಯವರ ಮರಣ ಪತ್ರಕ್ಕೂ ಇದೇ ಗೋಳು. ಸಾಹೇಬರು ಯಾವಾಗಲೂ ಮೀಟಿಂಗ್‌ನಲ್ಲಿ.

ಮೇಲಿನ ಅಧಿಕಾರಿಗಳು ಒಂದು ದಿನ ಸುಮ್ನೆ ಬಂದು ಆ ಸಾಲಿನಲ್ಲಿ ನಿಲ್ಲಲಿ. ಶೌಚಾಲಯದ ಬೀಗ ತೆಗೆಸಲಿ, ಲಿಫ್ಟ್ ಸರಿ ಮಾಡಿಸಲಿ. ಬಿಲ್ಲು ನೋಡುವವರು ಡಾಕ್ಟರ್ ಬರೆದದ್ದನ್ನು ಓದಲಿ. ಓದಿ ಅರ್ಥವಾಗದಿದ್ದರೆ ಡಾಕ್ಟರಿಗೆ ಫೋನ್ ಮಾಡಲಿ. ನಂಬರ್ ಪ್ರತಿ ಚೀಟಿಯ ಮೇಲೂ ಇದೆ.

– ನೊಂದ ಗೃಹಿಣಿ, ದಾವಣಗೆರೆ