ಶಾಕ್ ಅಬ್ಸಾರ್ಬರ್ ಕೊಡುವ ಕ್ರಮ ಬದಲಾಗಿದೆ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ.

ಮುಂದಿನ ತಿಂಗಳಿಂದ ಪಿಕಪ್ ಗಾಡಿಗಳ ಶಾಕ್ ಅಬ್ಸಾರ್ಬರ್‌ಗಳನ್ನು ಬರೀ ಮಾಡೆಲ್ ಹೆಸರು ಕೇಳಿ ಕೌಂಟರ್‌ನಲ್ಲಿ ಕೊಡುವುದಿಲ್ಲ. ಗಾಡಿ ತಂದು ನಿಲ್ಲಿಸಿ, ನಾವು ಅಳತೆ ತೆಗೆಯುತ್ತೇವೆ, ಆಮೇಲೆ ಶಾಕ್. ಬಿಡಿಯಾಗಿ ಒಂದೇ ಶಾಕ್ ಮಾರುವುದನ್ನೂ ನಿಲ್ಲಿಸುತ್ತಿದ್ದೇವೆ. ಒಂದು ಕಡೆ ಹಳೆಯದು, ಒಂದು ಕಡೆ ಹೊಸದು ಇದ್ದರೆ ಹೊಂಡ ದಾಟಿದ ಮೇಲೆ ಎರಡು ಚಕ್ರಗಳು ಒಂದೇ ಥರ ನಿಲ್ಲುವುದಿಲ್ಲ. ಇಷ್ಟು ವರ್ಷ ಕೇಳಿದ್ದನ್ನು ಕೇಳಿದ ಹಾಗೆ ಕೊಟ್ಟವರು ಈಗ ಹೀಗಂದರೆ ಬೇಸರ ಆಗುತ್ತೆ, ಗೊತ್ತು. ಈ ತೊಂದರೆಗೆ ಕ್ಷಮೆ ಇರಲಿ.

ಆದರೆ ಕೆಲವರು ಇದನ್ನು ದುಡ್ಡು ಮಾಡುವ ಉಪಾಯ ಅಂದಿದ್ದಾರೆ. ಅದು ನಮಗೆ ನೋವಾಗಿದೆ. ಒಮ್ಮೆ ಗಾಡಿಗೆ ಬಿಗಿದ ಶಾಕ್ ಹೊಂದದೆ ಹಿಂದಿರುಗಿ ಬಂದರೆ ನಮಗೆ ಮಾಲು ಕಳಿಸುವವರು ಅದನ್ನು ಮುಟ್ಟುವುದಿಲ್ಲ. ಬುಷ್ (ಶಾಕ್ ತುದಿಯಲ್ಲಿ ಬೋಲ್ಟ್ ಕೂರುವ ರಬ್ಬರ್ ಬಳೆ) ಮೇಲೆ ಬೋಲ್ಟ್ ಒತ್ತಿದ ಗುರುತು ಕಂಡರೆ ಮುಗೀತು. ಸಾಗಣೆ ಖರ್ಚು ನಮ್ಮ ತಲೆಗೇ. ಅದನ್ನು ಒರೆಸಿ ಇನ್ನೊಬ್ಬರಿಗೆ ಹೊಸದು ಅಂತ ಕೊಡುವ ಕೆಲಸ ನಾವು ಯಾವತ್ತೂ ಮಾಡಿಲ್ಲ, ಮಾಡುವುದೂ ಇಲ್ಲ. ಅಂಥವು ಒಳಗಿನ ಶೆಲ್ಫ್‌ನಲ್ಲಿ ಸಾಲಾಗಿ ಕೂತಿವೆ. ಹೆಚ್ಚಿನವು ಒಳ್ಳೆಯ ಶಾಕ್‌ಗಳೇ, ತಪ್ಪು ಗಾಡಿಗೆ ಹೋದವು.

ಈಗ ಪದೇ ಪದೇ ಕೇಳಿದ ದೂರು. "ಹೊಸ ಶಾಕ್ ಹಾಕಿಸಿದೆ, ಲೋಡ್ ತುಂಬಿದರೆ ಹಿಂಬದಿ ಇನ್ನೂ ಕೂರುತ್ತೆ. ನಿಮ್ಮ ಮಾಲು ಸರಿಯಿಲ್ಲ."

ಭಾರ ಹೊರುವುದು ಲೀಫ್ ಸ್ಪ್ರಿಂಗ್, ಅಂದರೆ ಗಾಡಿ ಕೆಳಗಿನ ಬಾಗಿದ ಉಕ್ಕಿನ ಪಟ್ಟಿಗಳು. ಸ್ಪ್ರಿಂಗ್ ಕುಗ್ಗಿ ಮೇಲೆದ್ದು ಸುಮ್ನೆ ಕುಣಿಯುತ್ತಿರದ ಹಾಗೆ ಹಿಡಿಯುವುದು ಶಾಕ್. ಒಳಗೆ ಪಿಸ್ಟನ್ ಎಣ್ಣೆಯಲ್ಲಿ ಓಡಾಡುತ್ತೆ, ಸಣ್ಣ ತೂತುಗಳಲ್ಲಿ ಎಣ್ಣೆ ಕಷ್ಟಪಟ್ಟು ನುಗ್ಗುತ್ತೆ, ಆ ಕುಣಿತ ಬಿಸಿಯಾಗಿ ಹೊರಗೆ ಹೋಗುತ್ತೆ. ಕೆಟ್ಟ ರಸ್ತೆಯಲ್ಲಿ ಹೋಗಿ ಬಂದ ಕೂಡಲೇ ಶಾಕ್ ಮುಟ್ಟಿದರೆ ಕೈ ಸುಡುವಷ್ಟು ಕಾದಿರಬಹುದು. ಸ್ಪ್ರಿಂಗ್ ಪಟ್ಟಿ ಸೋತು ಚಪ್ಪಟೆಯಾಗಿದ್ದರೆ ಎಂಥ ಮಾಮೂಲಿ ಶಾಕ್ ಹಾಕಿದರೂ ಗಾಡಿ ಏಳುವುದಿಲ್ಲ. ಇದನ್ನು ಕೌಂಟರ್‌ನಲ್ಲೇ ಹೇಳಬೇಕಿತ್ತು. ಅವಸರದಲ್ಲಿ ಎಷ್ಟೋ ಸಲ ಹೇಳಲಿಲ್ಲ, ಅದು ನಮ್ಮ ತಪ್ಪು.

"ಹಾಗಾದರೆ ಎಲ್ಲಕ್ಕಿಂತ ಗಟ್ಟಿಯಾದದ್ದೇ ಕೊಡಿ" ಅನ್ನುವವರೂ ಇದ್ದಾರೆ. ದಿನವೂ ಲೋಡ್ ಇರುವ ಗಾಡಿಗೆ ಸರಿ. ಹೆಚ್ಚು ದಿನ ಖಾಲಿ ಓಡುವ ಪಿಕಪ್‌ಗೆ ಹಾಕಿದರೆ ಹಿಂಬದಿ ಪುಟಿಯುತ್ತೆ, ಟೈರ್ ರಸ್ತೆ ಬಿಡುತ್ತೆ. ಅದಕ್ಕೇ ನೀವು ಏನು ಸಾಗಿಸುತ್ತೀರಿ, ವಾರಕ್ಕೆ ಎಷ್ಟು ದಿನ ಅಂತ ಕೇಳುತ್ತೇವೆ. ಕಲ್ಲು ಸಿಡಿಯುವ ದಾರಿಯೋ ಅಂತಲೂ ಕೇಳುತ್ತೇವೆ. ಒಂದೇ ಕೊಳವೆಯ ಮೊನೊಟ್ಯೂಬ್ ಶಾಕ್ ಬಿಸಿ ಚೆನ್ನಾಗಿ ತಡೆಯುತ್ತೆ, ಆದರೆ ಮೈಗೆ ಜೋರು ನೆಗ್ಗು ಬಿದ್ದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತೆ. ಕೊಳವೆಯೊಳಗೆ ಕೊಳವೆ ಇರುವ ಟ್ವಿನ್‌ಟ್ಯೂಬ್‌ನಲ್ಲಿ ಪಿಸ್ಟನ್ ಒಳಗಿನ ಕೊಳವೆಯಲ್ಲಿ ಓಡುವುದರಿಂದ ಸಣ್ಣ ನೆಗ್ಗಿಗೆ ಅಷ್ಟು ಹೆದರಬೇಕಿಲ್ಲ.

ಅಳತೆಯ ಪಾಠ ನಾವು ಕಲಿತದ್ದು ನಮ್ಮದೇ ತಪ್ಪಿನಿಂದ. ಒಬ್ಬರು ಹಳೆಯ ಗ್ರಾಹಕರು ಪಿಕಪ್ ಅನ್ನು 2 ಇಂಚು ಎತ್ತರಿಸಿದ್ದರು. ನಾವು ಕೇಳಲಿಲ್ಲ, ಮಾಮೂಲಿ ಉದ್ದದ ಶಾಕ್ ಕೊಟ್ಟೆವು. ಹೊಂಡದಲ್ಲಿ ಚಕ್ರ ಕೆಳಗೆ ಇಳಿದಾಗಲೆಲ್ಲ ಶಾಕ್ ಪೂರ್ತಿ ಚಾಚಿ ಠಣ್ ಅನ್ನುತ್ತಿತ್ತು. ಗಾಡಿ ವಾಪಸ್ ಬಂದಾಗ ಮೇಲಿನ ಬುಷ್ ಹರಿದು ರಬ್ಬರ್ ನಾಲಿಗೆಯ ಹಾಗೆ ಹೊರಗೆ ಜೋತುಬಿದ್ದಿತ್ತು. ಹಾಗಂತ ಉದ್ದದ್ದನ್ನೇ ಹಾಕಿದರೆ ಕ್ಷೇಮ ಅಂತಲ್ಲ. ಜಾಸ್ತಿ ಉದ್ದವಾದರೆ ಬಂಪ್ ಸ್ಟಾಪ್ (ಚಕ್ರ ಅತಿಯಾಗಿ ಮೇಲೇಳದಂತೆ ತಡೆಯುವ ರಬ್ಬರ್ ಗಟ್ಟಿ) ತಾಗುವ ಮೊದಲೇ ಶಾಕ್ ತಳ ಮುಟ್ಟಿ ಒಡೆಯುತ್ತೆ. ಅವರಿಗೆ ನಮ್ಮ ಖರ್ಚಿನಲ್ಲೇ ಬದಲಾಯಿಸಿಕೊಟ್ಟೆವು.

ನಮ್ಮಿಂದ ಒಯ್ದ ಶಾಕ್ ನಿಮ್ಮ ಗಾಡಿಯಲ್ಲೂ ಹೀಗೆ ಸದ್ದು ಮಾಡುತ್ತಿದ್ದರೆ ತನ್ನಿ. ನಮ್ಮ ತಪ್ಪಿದ್ದರೆ ನಿಮಗೂ ಹಾಗೇ ಬದಲಾಯಿಸಿಕೊಡುತ್ತೇವೆ. ಶಾಕ್‌ನಿಂದ ಹೊರಬರುವ ಪಿಸ್ಟನ್ ರಾಡ್ ಸುತ್ತ ತೆಳುವಾಗಿ ಎಣ್ಣೆ ಪಸೆ ಮಾತ್ರ ಇದ್ದರೆ ಗಾಬರಿ ಬೇಡ, ಅದು ಇದ್ದದ್ದೇ. ಎಣ್ಣೆ ಮೈಮೇಲೆ ಹರಿದು ಧೂಳು ಕೆಸರಾಗಿ ಮೆತ್ತಿದ್ದರೆ ತಡಮಾಡಬೇಡಿ.

ಅಳತೆಗೆ ದುಡ್ಡು ತಗೊಳ್ಳುವುದಿಲ್ಲ. ಬುಷ್ ಬೋಲ್ಟ್‌ಗಳ ಕೊನೆಯ ಬಿಗಿತ ಗಾಡಿ ನೆಲದ ಮೇಲೆ ನಿಂತ ಮೇಲೇ ಮಾಡುತ್ತೇವೆ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇರುತ್ತೆ. ಅದಕ್ಕೆ ಸ್ವಲ್ಪ ಹೊತ್ತು ಜಾಸ್ತಿ ಹಿಡಿಯುತ್ತೆ, ಕಾಯಬೇಕು. ಬರುವಾಗ ಗಾಡಿಯಲ್ಲಿ ದಿನಾ ಇರುವಷ್ಟೇ ಸಾಮಾನು ಇರಲಿ. ಸುಮ್ನೆ ಇಳಿಸಿ ಬರಬೇಡಿ.

ಇಂತಿ,
ನಿಮ್ಮ ಅಂಗಡಿಯವರು