ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಡ್ರೈಯರ್ ತೋರಿಸಿ

ಮಾನ್ಯ ಸಂಪಾದಕರೇ,

ನಾನು ಹಾಲಿನ ಪುಡಿ ಘಟಕವೊಂದರಲ್ಲಿ 14 ವರ್ಷ ಸ್ಪ್ರೇ ಡ್ರೈಯರ್ ನೋಡಿಕೊಂಡವನು. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೇ ವರ್ಷದ ಮಕ್ಕಳು ಪ್ರಾಜೆಕ್ಟ್ ಹುಡುಕುವುದನ್ನು ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ಡ್ರೈಯರ್ ಅಂದರೆ ಹಾಲನ್ನು ಒಣಗಿಸಿ ಪುಡಿ ಮಾಡುವ, ಕೆಳಗೆ ಆಲಿಕೆಯ ಹಾಗೆ ಕಿರಿದಾಗುವ ದೊಡ್ಡ ಸ್ಟೀಲ್ ಕೋಣೆ. ಮೇಲೆ ಗಿರ್ರನೆ ತಿರುಗುವ ಚಕ್ರ ಹಾಲನ್ನು ಮಂಜಿನ ಹಾಗೆ ಚಿಮ್ಮಿಸುತ್ತದೆ. ಸುತ್ತ 190 ಡಿಗ್ರಿ ಬಿಸಿಗಾಳಿ. ಆದರೂ ಮೈ ಹಸಿ ಇರುವ ತನಕ ಹನಿ ಸುಮಾರು 50 ಡಿಗ್ರಿಯಲ್ಲೇ ಇರುತ್ತದೆ. ಬೇಸಿಗೆಯಲ್ಲೂ ಮಣ್ಣಿನ ಗಡಿಗೆಯ ನೀರು ತಣ್ಣಗಿರುತ್ತದಲ್ವಾ, ಅದೇ ಲೆಕ್ಕ. ಒಣಗುವ ಮುಂಚೆ ಹನಿ ಗೋಡೆ ಮುಟ್ಟಿದರೆ ಅಂಟಿಕೊಳ್ಳುತ್ತದೆ. ಅದು ಹಾಗೇ ಕೂತರೆ ಕರಕಲಾಗಿ ಬೆಂಕಿಯೂ ಹತ್ತಬಹುದು.

ನಮ್ಮ ಚೇಂಬರಿನಲ್ಲಿ ಬಾಗಿಲ ಪಕ್ಕದ ಗೋಡೆಗೆ, ಎದೆ ಮಟ್ಟದಲ್ಲಿ, ಯಾವಾಗಲೂ ಒಂದು ಕಂದು ಪಟ್ಟಿ. ಬೇರೆಲ್ಲ ಕಡೆ ತೆಳ್ಳಗೆ ಪುಡಿ, ಅಲ್ಲಿ ಮಾತ್ರ ಬೆಲ್ಲದ ಪಾಕ ಆರಿದ ಹಾಗೆ. ಹೊರಗಿನಿಂದ ರಬ್ಬರ್ ಸುತ್ತಿಗೆಯಲ್ಲಿ ಬಡಿದು ಬಡಿದು ಕೈ ಸೋತಿತ್ತು. ಹಾಲು ಗಟ್ಟಿ ಜಾಸ್ತಿಯಾಗಿದೆ ಎಂದು ಬೈಸಿಕೊಂಡವರು ಆಪರೇಟರುಗಳು.

ಇಂಜಿನಿಯರಿಂಗ್ ಓದುತ್ತಿದ್ದ ನನ್ನ ತಂಗಿಯ ಮಗಳು ಒಂದು ದಿನ, "ಮಾಮ, ಬಿಸಿಗಾಳಿ ಬರೋ ಡಕ್ಟಿಗೆ ತಿರುವು ಎಲ್ಲಿದೆ?" ಅಂತ ಕೇಳಿದಳು. ಟೇಪ್ ಹಿಡಿದು ಅಳೆದು ಕೊಟ್ಟೆ. ಓಪನ್‌ಫೋಮ್ ಎಂಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಅವಳು ಚೇಂಬರನ್ನು ಲಕ್ಷಗಟ್ಟಲೆ ಖಾನೆ ಮಾಡಿದಳು. ಒಂದೊಂದು ಖಾನೆಯಲ್ಲೂ ಗಾಳಿಯ ವೇಗ, ಬಿಸಿ, ತೇವ ಲೆಕ್ಕ ಹಾಕಬೇಕು. ಆ ಗಾಳಿಯಲ್ಲಿ ಹನಿಗಳ ದಾರಿ ಹಿಡಿಯಬೇಕು. ಹನಿ ಒಣಗುತ್ತಾ ಗಾಳಿಯನ್ನು ತಂಪು ಮಾಡುತ್ತದೆ, ಅದಕ್ಕೆ ಗಾಳಿಯ ಲೆಕ್ಕ ಮತ್ತೆ ಮಾಡಬೇಕು. 1977ರಲ್ಲೇ ಕ್ರೋ ಎಂಬ ಸಂಶೋಧಕರು ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನವಂತೆ ಇದು.

ಮೊದಲ ಸಲ ಕಂಪ್ಯೂಟರ್ ಲೆಕ್ಕದಲ್ಲಿ ಗೋಡೆಗೆ ಅಷ್ಟಾಗಿ ಏನೂ ಅಂಟಲಿಲ್ಲ. ಒಣ ಗಾಳಿಯ ಅಂಕಿ ಹಾಕಿದ್ದಳು. ನಮ್ಮ ಲಾಗ್‌ಬುಕ್ ತೆಗೆದು ತೋರಿಸಿದೆ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಅಂಟು ಕಡಿಮೆ, ಮಳೆಗಾಲದಲ್ಲಿ ಜಾಸ್ತಿ. ಮಳೆಗಾಲದ ತೇವ ಹಾಕಿದ ಮೇಲೆ ಪಟ್ಟಿ ಅದೇ ಜಾಗದಲ್ಲಿ ಬಂತು! ಡಕ್ಟಿನ ತಿರುವಿನಿಂದಾಗಿ ಗಾಳಿ ನೇರ ಇಳಿಯದೆ ಬಾಗಿಲ ಕಡೆ ವಾಲಿ, ಹಸಿ ಹನಿಗಳನ್ನೂ ಅತ್ತಲೇ ಒಯ್ಯುತ್ತಿತ್ತು.

ಕಂಪ್ಯೂಟರ್ ಹೇಳಿತೆಂದು ಸುಮ್ನೆ ನಂಬಲಿಲ್ಲ. ಹಾಲು, ಹೀಟರ್ ಎರಡೂ ನಿಲ್ಲಿಸಿ, ಬರೀ ಫ್ಯಾನ್ ಹಾಕಿ, ಕೋಲಿಗೆ ಹತ್ತಿ ದಾರ ಕಟ್ಟಿ ಬಾಗಿಲಿನಿಂದ ಒಳಗೆ ಹಿಡಿದೆ. ದಾರ ಗೋಡೆ ಕಡೆಗೇ ಎದ್ದು ನಿಂತಿತು. ಗಾಳಿ ಹಂಚುವ ರೆಕ್ಕೆಗಳನ್ನು ಸರಿಪಡಿಸಿದೆವು. ಪಟ್ಟಿ ಪೂರ್ತಿ ಹೋಗಲಿಲ್ಲ, ಆದರೆ ತೆಳ್ಳಗಾಯಿತು. ಕರಕಲು ಬರುವುದು ನಿಂತಿತು.

ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಾಲೇಜುಗಳ ಮೇಷ್ಟ್ರುಗಳಲ್ಲಿ ನನ್ನ ಬೇಡಿಕೆ ಇಷ್ಟೇ. ಬೈಂಡಿಂಗ್ ಸಮೇತ ದುಡ್ಡಿಗೆ ಸಿಗುವ ಪ್ರಾಜೆಕ್ಟ್ ಒಪ್ಪಬೇಡಿ. ಮಕ್ಕಳನ್ನು ಫ್ಯಾಕ್ಟರಿಗೆ ಕಳಿಸಿ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಇಂಜಿನಿಯರಿಂಗ್ ಕಾಲೇಜೇ ಇದೆ, ಅವರೂ ಮುಂದೆ ಬರಲಿ. ಫ್ಯಾಕ್ಟರಿಯವರು ಗೇಟಿನಲ್ಲೇ ವಾಪಸ್ ಕಳಿಸದೆ ಲಾಗ್‌ಬುಕ್ ತೋರಿಸಲಿ. ಆಪರೇಟರನ್ನೂ ಜೊತೆಗೆ ಕೂರಿಸಿ, ಗೋಡೆಯ ಯಾವ ಜಾಗದಲ್ಲಿ ಅಂಟುತ್ತದೆ ಅನ್ನುವುದು ಅವನಿಗೇ ಗೊತ್ತು.

– ಸ್ಪ್ರೇ ಡ್ರೈಯರ್ ಆಪರೇಟರ್, ಬಳ್ಳಾರಿ